ಈ ಮರೆವಿಗೆ ವಯಸ್ಸೆಷ್ಟು?

ವಯಸ್ಕರಲ್ಲಿ ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿಯಾಗಿ ಚಡಪಡಿಸುವ ಸ್ಥಿತಿ) ಇರಬಹುದೇ ಎಂದು ಮೊದಲ ಹಂತದಲ್ಲಿ ಸೋಸಿ ನೋಡಲು, ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ರೂಪುಗೊಂಡ 18 ಪ್ರಶ್ನೆಗಳ ಪಟ್ಟಿಯೊಂದು ಬಳಕೆಯಲ್ಲಿದೆ. ಹಿಡಿದ ಕೆಲಸದ ಕೊನೆಯ ಚೂರುಪಾರುಗಳನ್ನು ಮುಗಿಸಲು ಒದ್ದಾಡುತ್ತೀರಾ, ಹೋಗಬೇಕಾದಲ್ಲಿಗೆ ಹೋಗುವುದು ಮರೆತುಹೋಗುತ್ತದೆಯೇ, ತಲೆ ಓಡಿಸಬೇಕಾದ ಕೆಲಸವೆಂದರೆ ಮುಂದಕ್ಕೆ ಹಾಕುತ್ತೀರಾ, ವಸ್ತುಗಳನ್ನು ಎಲ್ಲೋ ಇಟ್ಟು ಹುಡುಕುತ್ತೀರಾ ಎಂಬ ಧಾಟಿಯ ಪ್ರಶ್ನೆಗಳು ಅವು. ಎಲ್ಲವೂ ಕೇಳುವುದು ಕಳೆದ 6 ತಿಂಗಳ ಅನುಭವವನ್ನು ಮಾತ್ರ. ಚೊಚ್ಚಲ ಮಗುವಿಗೆ ಆರು ತಿಂಗಳು ತುಂಬುತ್ತಿರುವ ತಾಯಿಯ ಕೈಗೆ ಈ ಹಾಳೆ ಕೊಟ್ಟರೆ ಆಕೆ ಸಾಲು ಸಾಲಿಗೂ 'ಆಗಾಗ', 'ಬಹಳ ಸಲ' ಎಂದೇ ಗುರುತು ಹಾಕಿಯಾಳು. ಪಟ್ಟಿಯದೇನೂ ತಪ್ಪಿಲ್ಲ, ಯಾರನ್ನು ವೈದ್ಯರು ಕೂರಿಸಿಕೊಂಡು ವಿಚಾರಿಸಬೇಕು ಎಂದು ಸೂಚಿಸುವುದಷ್ಟೇ ಅದರ ಕೆಲಸ, ಕಾಯಿಲೆಯ ಹೆಸರು ಹೇಳುವುದಲ್ಲ. ಆದರೆ ನಡುರಾತ್ರಿ ಮಗುವಿಗೆ ಹಾಲೂಡಿಸುತ್ತ ಫೋನಿನಲ್ಲಿ ಅದನ್ನು ತುಂಬುವವಳು ಆ ಅಂತರವನ್ನು ಕಾಣುವ ಸ್ಥಿತಿಯಲ್ಲಿ ಇರುವುದಿಲ್ಲ.

ಹಾಗೆ ತುಂಬಿದವರಲ್ಲಿ ನಾನೂ ಒಬ್ಬಳು. ಬೆಂಗಳೂರಿನ ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ನನ್ನ ಕೆಲಸ. 2017ರ ತಿದ್ದುಪಡಿಯ ನಂತರ ಸಿಗುವ 26 ವಾರಗಳ ಹೆರಿಗೆ ರಜೆ ಮುಗಿಸಿ ಕುರ್ಚಿಗೆ ಮರಳಿದ ಮೇಲೆ, ಒಂದು ಇಮೇಲಿನ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಮೊದಲ ಸಾಲು ಮನಸ್ಸಿನಿಂದ ಜಾರಿರುತ್ತಿತ್ತು. ತಿಂಗಳ 20ನೇ ತಾರೀಕಿನೊಳಗೆ ಸಲ್ಲಿಸಬೇಕಾದ ಜಿಎಸ್‌ಟಿ ವಿವರ, ಮೊದಲೆಲ್ಲ ನಿದ್ದೆಗಣ್ಣಿನಲ್ಲೂ ಮುಗಿಸುತ್ತಿದ್ದದ್ದು, ಈಗ ಕಂಡರೆ ಭಯವಾಗುತ್ತಿತ್ತು. ಇನ್‌ಸ್ಟಾಗ್ರಾಮಿನ ರೀಲುಗಳು ಇದು ಇಷ್ಟು ದಿನ ಪತ್ತೆಯಾಗದೆ ಉಳಿದ ಎಡಿಎಚ್‌ಡಿ ಎಂದು ಖಚಿತವಾಗಿ ಹೇಳಿದವು. ಸಾಗರದ ತವರಿನಿಂದ ಫೋನು ಮಾಡಿದ ಅಮ್ಮ ಅಷ್ಟೇ ಖಚಿತವಾಗಿ, 'ಬಾಣಂತಿಗೆ ಮರೆವು ಇರೋದೇ ಕಣೇ, ಅದಕ್ಕೇನು ತಲೆ ಕೆಡಿಸ್ಕೊಳ್ತೀಯ' ಎಂದಳು. ಎರಡು ಕಡೆಯವರೂ ತೀರ್ಪು ಕೊಟ್ಟರು. ಇದು ಯಾವಾಗಿನಿಂದ ಹೀಗಿದೆ ಎಂದು ಯಾರೂ ಕೇಳಲಿಲ್ಲ. ಎಡಿಎಚ್‌ಡಿಯನ್ನು ಬಾಣಂತನದ ಮಂಕಿನಿಂದ ಬೇರ್ಪಡಿಸಲು ಈ ಒಂದು ಪ್ರಶ್ನೆಗಿಂತ ಹರಿತವಾದ ಸಾಧನ ಇನ್ನೊಂದಿಲ್ಲ ಎಂಬುದು ಆಮೇಲೆ ನಾನು ಕಂಡುಕೊಂಡದ್ದು.

ಎಡಿಎಚ್‌ಡಿ ಎಂಬುದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ. ಮನೋವೈದ್ಯರು ಅನುಸರಿಸುವ ಅಮೆರಿಕದ ಕೈಪಿಡಿಯ 2013ರ ಆವೃತ್ತಿಯ ಪ್ರಕಾರ, ವಯಸ್ಕರಲ್ಲಿ ಅದನ್ನು ಗುರುತಿಸಬೇಕಾದರೆ ಗಮನಕ್ಕೆ ಸಂಬಂಧಿಸಿದ 9 ಲಕ್ಷಣಗಳಲ್ಲಿ ಇಲ್ಲವೇ ಚಡಪಡಿಕೆಗೆ ಸಂಬಂಧಿಸಿದ 9ರಲ್ಲಿ ಕನಿಷ್ಠ 5 ಇರಬೇಕು; ಅವು ಮನೆ, ಕಚೇರಿ ಹೀಗೆ ಒಂದಕ್ಕಿಂತ ಹೆಚ್ಚು ಕಡೆ ಕಾಣಬೇಕು; ಬೇರೆ ಕಾಯಿಲೆಯಿಂದ ವಿವರಿಸಲು ಆಗುವಂತಿರಬಾರದು; ಎಲ್ಲಕ್ಕಿಂತ ಮುಖ್ಯವಾಗಿ, ಹಲವು ಲಕ್ಷಣಗಳು 12 ವರ್ಷ ತುಂಬುವ ಮೊದಲೇ ಇದ್ದಿರಬೇಕು. ಅಂದರೆ 32ನೇ ವಯಸ್ಸಿನಲ್ಲಿ, ಹೆರಿಗೆಯ ನಂತರ ಹೊಸದಾಗಿ ಹುಟ್ಟಿದ ಮರೆವು ಎಷ್ಟೇ ತೀವ್ರವಾಗಿದ್ದರೂ ಈ ಬಾಗಿಲನ್ನು ದಾಟುವುದಿಲ್ಲ. ಇದರ ಮೇಲೆ ಒಂದು ತಕರಾರು ಎದ್ದದ್ದೂ ಉಂಟು. ನ್ಯೂಜಿಲೆಂಡಿನ ಡ್ಯುನೆಡಿನ್ ಊರಿನಲ್ಲಿ 1972–73ರಲ್ಲಿ ಹುಟ್ಟಿದ ಸುಮಾರು ಸಾವಿರ ಮಂದಿಯನ್ನು ಬಾಲ್ಯದಿಂದಲೂ ಗಮನಿಸುತ್ತ ಬಂದ ತಂಡ, ವಯಸ್ಕರಾದ ಮೇಲೆ ಎಡಿಎಚ್‌ಡಿ ಲಕ್ಷಣ ತೋರಿದವರಲ್ಲಿ ಬಹುಪಾಲು ಮಂದಿಗೆ ಬಾಲ್ಯದಲ್ಲಿ ಅದು ಇರಲಿಲ್ಲ ಎಂದು 2015ರಲ್ಲಿ ಪ್ರಕಟಿಸಿತು. ಮೂರು ವರ್ಷಗಳ ನಂತರ ಅಮೆರಿಕದ ಸಂಶೋಧಕರು ತಮ್ಮಲ್ಲಿನ ಅಂಥವರನ್ನು ಒಬ್ಬೊಬ್ಬರಾಗಿ ಜಾಲಾಡಿದಾಗ, ಹೆಚ್ಚಿನವರ ಗಮನದ ತೊಂದರೆಯ ಹಿಂದೆ ಬೇರೆ ಮಾನಸಿಕ ಕಾಯಿಲೆಯೋ ಮಾದಕ ವಸ್ತುಗಳ ಬಳಕೆಯೋ ಇರುವುದು ಕಂಡಿತು. ಚರ್ಚೆ ಇನ್ನೂ ನಡೆದಿದೆಯಾದರೂ, ದೊಡ್ಡವರಾದ ಮೇಲೆ ಶುರುವಾದದ್ದಕ್ಕೆ ಮೊದಲು ಬೇರೆ ಕಾರಣ ಹುಡುಕಬೇಕು ಎಂಬ ವಿವೇಕವನ್ನು ಯಾರೂ ಕೈಬಿಟ್ಟಿಲ್ಲ.

ಹಾಗಾದರೆ ಬಾಣಂತಿಯ ಮಿದುಳಿನಲ್ಲಿ ನಿಜವಾಗಿ ನಡೆಯುವುದೇನು? ಬಾರ್ಸಿಲೋನಾದ ತಂಡವೊಂದು ಚೊಚ್ಚಲ ಬಸಿರಿನ 25 ಹೆಂಗಸರ ಮಿದುಳನ್ನು ಗರ್ಭ ಧರಿಸುವ ಮೊದಲು ಮತ್ತು ಹೆರಿಗೆಯ ನಂತರ ಎಂಆರ್‌ಐ ಮಾಡಿ ಹೋಲಿಸಿ ನೋಡಿತ್ತು. 2016ರ ಕೊನೆಗೆ ಪ್ರಕಟವಾದ ಆ ಅಧ್ಯಯನದಲ್ಲಿ ನರಕೋಶಗಳು ದಟ್ಟವಾಗಿರುವ ಬೂದು ದ್ರವ್ಯದ ಪ್ರಮಾಣ ಕೆಲವು ಭಾಗಗಳಲ್ಲಿ ಸ್ಪಷ್ಟವಾಗಿ ತಗ್ಗಿದ್ದು ಕಂಡಿತು. ಎರಡು ವರ್ಷ ಕಳೆದರೂ ಆ ಬದಲಾವಣೆ ಬಹುಪಾಲು ಹಾಗೆಯೇ ಇತ್ತು. 'ತಾಯಂದಿರ ಮಿದುಳು ಕುಗ್ಗುತ್ತದೆ' ಎಂಬ ತಲೆಬರಹಗಳು ಆಗ ಬಂದವು, ಈಗಲೂ ಆಗೊಮ್ಮೆ ಈಗೊಮ್ಮೆ ಫಾರ್ವರ್ಡ್ ಆಗಿ ಬರುತ್ತವೆ. ಅವು ಬಿಟ್ಟುಬಿಡುವ ಎರಡು ಸಂಗತಿಗಳಿವೆ. ತಗ್ಗಿದ ಭಾಗಗಳು ಹೆಚ್ಚಾಗಿ ಇನ್ನೊಬ್ಬರ ಮನಸ್ಸನ್ನು, ಇಂಗಿತವನ್ನು ಅರಿಯುವುದಕ್ಕೆ ಸಂಬಂಧಪಟ್ಟವು, ಮತ್ತು ಬದಲಾವಣೆ ಹೆಚ್ಚಿದಷ್ಟೂ ಮಗುವಿನೊಂದಿಗಿನ ತಾಯಿಯ ಬಾಂಧವ್ಯ ಗಾಢವಾಗಿತ್ತು. ಅದೇ ಹೆಂಗಸರಿಗೆ ಕೊಟ್ಟ ನೆನಪಿನ ಪರೀಕ್ಷೆಗಳಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. 2024ರಲ್ಲಿ ಬಂದ ಇನ್ನೊಂದು ಅಧ್ಯಯನವಂತೂ ಒಬ್ಬಳೇ ಹೆಂಗಸಿನ ಮೇಲೆ ನಡೆದದ್ದು: 38 ವರ್ಷದ ನರವಿಜ್ಞಾನಿಯೊಬ್ಬರು ಗರ್ಭ ಧರಿಸುವ ಮೂರು ವಾರ ಮೊದಲಿನಿಂದ ಹೆರಿಗೆಯ ಎರಡು ವರ್ಷದ ನಂತರದವರೆಗೆ 26 ಬಾರಿ ತಮ್ಮ ಮಿದುಳನ್ನೇ ಸ್ಕ್ಯಾನಿಗೆ ಒಡ್ಡಿದರು. ಬಸಿರಿನ ವಾರಗಳು ಸರಿದಂತೆ ಹಾರ್ಮೋನುಗಳ ಏರಿಕೆಗೆ ತಕ್ಕಂತೆ ಮಿದುಳಿನ ಬಹುತೇಕ ಭಾಗಗಳಲ್ಲಿ ಬೂದು ದ್ರವ್ಯ ಇಳಿಯುತ್ತ ಬಂತು, ಹೆರಿಗೆಯ ನಂತರ ಅದರಲ್ಲಿ ಕೊಂಚ ಮಾತ್ರ ಮರಳಿತು. ಇದೊಂದು ಹೊಸ ಕೆಲಸಕ್ಕೆ ಮಿದುಳು ತನ್ನನ್ನು ಮರುಹೊಂದಿಸಿಕೊಳ್ಳುವ ರೀತಿ. ಹರೆಯದಲ್ಲೂ ಇದೇ ಬಗೆಯ ಇಳಿಕೆ ಆಗುತ್ತದೆ, ಅದನ್ನು ಯಾರೂ ಬುದ್ಧಿ ಕುಗ್ಗಿತೆಂದು ಕರೆಯುವುದಿಲ್ಲ.

ಮರೆವಿನ ದೂರು ಹಾಗೆಂದು ಸುಳ್ಳೂ ಅಲ್ಲ. ಆಸ್ಟ್ರೇಲಿಯಾದ ಸಂಶೋಧಕರು 20 ಅಧ್ಯಯನಗಳನ್ನು, ಒಟ್ಟು ಸಾವಿರದ ಇನ್ನೂರಕ್ಕೂ ಹೆಚ್ಚು ಹೆಂಗಸರ ಮಾಹಿತಿಯನ್ನು ಒಟ್ಟುಗೂಡಿಸಿ 2018ರಲ್ಲಿ ತೋರಿಸಿದಂತೆ, ಬಸಿರಿಯರ ನೆನಪು ಮತ್ತು ಕೆಲಸವನ್ನು ಯೋಜಿಸಿ ನಡೆಸುವ ಶಕ್ತಿ, ಮುಖ್ಯವಾಗಿ ಕೊನೆಯ ಮೂರು ತಿಂಗಳಲ್ಲಿ, ಅಳತೆಗೆ ಸಿಗುವಷ್ಟು ತಗ್ಗುತ್ತದೆ. ತಗ್ಗಿದ ಮೇಲೂ ಅದು ಸಾಮಾನ್ಯ ಮಿತಿಯ ಒಳಗೇ ಇರುತ್ತದೆ. ತನಗೇ ಗೊತ್ತಾಗುವ, ಮನೆಯವರಿಗೂ ಕಾಣುವ, ಆದರೆ ಬದುಕನ್ನು ಹಳಿ ತಪ್ಪಿಸದ ಮಟ್ಟಿನ ಇಳಿಕೆ ಅದು.

ಹೆರಿಗೆಯ ನಂತರ ಇದಕ್ಕೆ ನಿದ್ದೆಗೇಡು ಸೇರುತ್ತದೆ, ಮತ್ತು ನನಗೆ ಕಂಡಂತೆ ಎಲ್ಲಕ್ಕಿಂತ ದೊಡ್ಡ ಪಾಲು ಇದರದೇ. ಜರ್ಮನಿಯ ತಂದೆತಾಯಿಯರನ್ನು ವರ್ಷಗಟ್ಟಲೆ ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ ತಾಯಂದಿರ ನಿದ್ದೆ ಹೆರಿಗೆಯ ನಂತರದ ಮೊದಲ ಮೂರು ತಿಂಗಳಲ್ಲಿ ತೀರ ಕೆಡುತ್ತದೆ, ಮತ್ತು ಆರು ವರ್ಷ ಕಳೆದರೂ ಮೊದಲಿನ ಮಟ್ಟಕ್ಕೆ ಪೂರ್ತಿ ಮರಳಿರುವುದಿಲ್ಲ. ತುಂಡು ತುಂಡಾದ ನಿದ್ದೆ ಯಾರಲ್ಲೇ ಆಗಲಿ ಗಮನವನ್ನು ಚದುರಿಸುತ್ತದೆ, ಮಾತಿನ ನಡುವೆ ಪದ ಸಿಗದಂತೆ ಮಾಡುತ್ತದೆ, ಸಣ್ಣದಕ್ಕೆ ಸಿಡುಕಿಸುತ್ತದೆ. ಮೇಲಿಂದ ನೋಡಿದರೆ ಎಡಿಎಚ್‌ಡಿಯ ಪಡಿಯಚ್ಚು. ವ್ಯತ್ಯಾಸ ಕಾಣುವುದು ನಿದ್ದೆ ಸಿಕ್ಕಾಗ. ಒಂದು ರಾತ್ರಿಯ ನಿದ್ದೆ ಸಾಲದು. ತವರಿನಲ್ಲಿ ಕೆಲವು ದಿನ ಯಾರಾದರೂ ರಾತ್ರಿ ಮಗುವನ್ನು ಎತ್ತಿಕೊಂಡು, ಸತತವಾಗಿ ಐದಾರು ಗಂಟೆ ಕಣ್ಣು ಮುಚ್ಚುವಂತಾದಾಗ ತಲೆ ತಿಳಿಯಾಗುತ್ತ ಬಂದರೆ ಅದು ನಿದ್ದೆಯ ಸಾಲ. ಎಡಿಎಚ್‌ಡಿ ಇದ್ದವಳ ತಲೆಯೂ ನಿದ್ದೆಯಿಂದ ಹಗುರವಾಗುತ್ತದೆ, ಆದರೆ ಹಗುರವಾದ ಮೇಲೂ ಉಳಿಯುವ ಒಂದು ಅಸ್ತವ್ಯಸ್ತತೆ ಇರುತ್ತದಲ್ಲ, ಅದು ಆಕೆಗೆ ಚಿಕ್ಕಂದಿನಿಂದ ಪರಿಚಿತವಾದದ್ದು.

ಇನ್ನೊಂದು ಗುರುತು, ಗಮನ ಎಲ್ಲಿಗೆ ಹೋಗಿದೆ ಎಂಬುದು. ನನ್ನ ಗಮನ ಎಲ್ಲೂ ಇರಲಿಲ್ಲವೆಂದು ನಾನು ತಿಳಿದಿದ್ದೆ. ನಿಜದಲ್ಲಿ ಅದು ಮಗುವಿನ ಮೇಲೆ ಕೂತಿತ್ತು. ತಾಯಿ ಕಾರ್ಡಿನಲ್ಲಿ ಬರೆದ 6, 10, 14 ವಾರದ ಚುಚ್ಚುಮದ್ದುಗಳ ದಿನಾಂಕಗಳು ನನಗೆ ಬಾಯಿಪಾಠವಾಗಿದ್ದವು. ಎಷ್ಟು ಹೊತ್ತಿಗೆ ಯಾವ ಕಡೆ ಹಾಲು ಕೊಟ್ಟೆ ಎಂಬುದು ತಪ್ಪುತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಉಸಿರಿನ ಸದ್ದು ಬದಲಾದರೂ ಎಚ್ಚರವಾಗುತ್ತಿತ್ತು. ಮರೆಯುತ್ತಿದ್ದದ್ದು ಉಳಿದೆಲ್ಲವನ್ನು. ಮಿದುಳು ತನ್ನ ಆದ್ಯತೆಯ ಪಟ್ಟಿಯನ್ನು ತಿದ್ದಿ ಬರೆದಿತ್ತು, ಆ ಪಟ್ಟಿಯಲ್ಲಿ ಜಿಎಸ್‌ಟಿ ತೀರ ಕೆಳಗಿತ್ತು. ಎಡಿಎಚ್‌ಡಿ ಇರುವ ತಾಯಂದಿರು ವಿವರಿಸುವುದು ಬೇರೆಯದನ್ನೇ: ಮಗುವಿನ ಮೇಲೆ ಜೀವವನ್ನೇ ಇಟ್ಟಿದ್ದರೂ ಚುಚ್ಚುಮದ್ದಿನ ದಿನ ದಾಟಿಹೋಗುವುದು, ಕಬ್ಬಿಣಾಂಶದ ಹನಿಗಳ ಸೀಸೆ ಕಣ್ಣೆದುರೇ ಇದ್ದೂ ಕೊಡಲಾಗದಿರುವುದು, ಒಲೆಯ ಮೇಲೆ ಕುದಿಸಲಿಟ್ಟ ಹಾಲಿನ ಬಾಟಲಿಗಳು ನೀರೆಲ್ಲ ಆರಿ ಕರಗಿದ ಮೇಲೆ ನೆನಪಾಗುವುದು. ಪ್ರೀತಿ ಸಾಲದೆ ಆಗುವ ಲೋಪವಲ್ಲ ಇದು, ಆದರೆ ಸುತ್ತಲಿನವರು ಹಾಗೆಂದೇ ಓದುತ್ತಾರೆ.

ನನ್ನನ್ನು ನೋಡಿದ ಮನೋವೈದ್ಯೆ ಪ್ರಶ್ನೆಗಳಿಗಿಂತ ಮೊದಲು ರಕ್ತಪರೀಕ್ಷೆಯ ಚೀಟಿ ಬರೆದುಕೊಟ್ಟರು. ಆಗ ನನಗೆ ಇದು ವಿಷಯ ತಪ್ಪಿಸುವ ನಡೆಯಂತೆ ಕಂಡಿತ್ತು. ಹೆರಿಗೆಯ ನಂತರದ ಮೊದಲ ವರ್ಷದಲ್ಲಿ ನೂರರಲ್ಲಿ ಐದರಿಂದ ಹತ್ತು ಹೆಂಗಸರಿಗೆ ಥೈರಾಯ್ಡ್ ಗ್ರಂಥಿಯ ಉರಿಯೂತ ಬರುತ್ತದೆ. ಅದರ ನಡೆಯೇ ವಿಚಿತ್ರ. ಮೊದಲ ಕೆಲವು ತಿಂಗಳು ಗ್ರಂಥಿಯಿಂದ ಹಾರ್ಮೋನು ಅತಿಯಾಗಿ ಸೋರಿ ಎದೆ ಡವಗುಟ್ಟುತ್ತದೆ, ಕೂತಲ್ಲಿ ಕೂರಲಾಗುವುದಿಲ್ಲ, ನಿದ್ದೆ ಬರುವುದಿಲ್ಲ. ನಾಲ್ಕನೇ ತಿಂಗಳಿನಿಂದ ಎಂಟನೇ ತಿಂಗಳ ಹೊತ್ತಿಗೆ ಅದೇ ಗ್ರಂಥಿ ಸೋತು ಮಂಕು, ಮರೆವು, ಮೈಭಾರ, ಕೂದಲುದುರುವಿಕೆ ಶುರುವಾಗುತ್ತವೆ. ಮೊದಲ ಹಂತ ಎಡಿಎಚ್‌ಡಿಯ ಚಡಪಡಿಕೆಯಂತೆ, ಎರಡನೆಯದು ಅದರ ಗಮನಗೇಡಿನಂತೆ ಕಾಣುತ್ತದೆ. ಎರಡೂ ಸಾಮಾನ್ಯ ಬಾಣಂತನದಂತೆಯೂ ಕಾಣುತ್ತವೆ. ನನ್ನ ಟಿಎಸ್‌ಎಚ್ (ಥೈರಾಯ್ಡ್ ಸೋತಾಗ ಏರುವ ಹಾರ್ಮೋನು) ಮಿತಿಗಿಂತ ಬಹಳ ಮೇಲಿತ್ತು, ಕಬ್ಬಿಣಾಂಶದ ದಾಸ್ತಾನು ತಳ ಕಂಡಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತೀಯ ಹೆಂಗಸರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇತ್ತೆಂಬುದನ್ನು ನೆನೆದರೆ, ಎರಡನೆಯದರಲ್ಲಿ ನನ್ನ ವಿಶೇಷವೇನೂ ಇಲ್ಲ. ಸಸ್ಯಾಹಾರಿಗಳಾದ ನಮ್ಮಂಥವರಿಗೆ ಬಿ12 ಕೊರತೆಯೂ ಜೊತೆಗೆ ಇರಬಹುದು, ಅದೂ ನೆನಪನ್ನು ಮಂಕಾಗಿಸುತ್ತದೆ. ಮೆಣಸಿನ ಸಾರು, ಬೆಳ್ಳುಳ್ಳಿ, ಅಂಟಿನುಂಡೆ, ಎಣ್ಣೆ ನೀರು ಎಲ್ಲವನ್ನೂ ನಿಷ್ಠೆಯಿಂದ ನಡೆಸುವ ನಮ್ಮ ಬಾಣಂತನದ ಕ್ರಮದಲ್ಲಿ ಮೂರನೇ ತಿಂಗಳಿಗೊಂದು, ಆರನೇ ತಿಂಗಳಿಗೊಂದು ರಕ್ತಪರೀಕ್ಷೆಯೂ ಸೇರಿಕೊಂಡರೆ ಎಷ್ಟೋ ಹೆಂಗಸರು ತಮ್ಮ ಬುದ್ಧಿಯನ್ನೇ ಅನುಮಾನಿಸುವುದು ತಪ್ಪೀತು.

ಖಿನ್ನತೆಯನ್ನು ಈ ಸಾಲಿನಲ್ಲಿ ಬೇರೆಯಾಗಿಯೇ ಹೇಳಬೇಕು. ಭಾರತದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಲೆಕ್ಕ, ಹೆರಿಗೆಯ ನಂತರದ ಖಿನ್ನತೆ ಶೇ. 22ರಷ್ಟು ತಾಯಂದಿರಲ್ಲಿದೆ ಎನ್ನುತ್ತದೆ. ಗಮನ ನಿಲ್ಲದಿರುವುದು ಖಿನ್ನತೆಯ ಲಕ್ಷಣವೂ ಹೌದು, ಆದರೆ ಅಲ್ಲಿ ಅದರೊಟ್ಟಿಗೆ ರುಚಿ ಸತ್ತಿರುತ್ತದೆ. ಮೊದಲು ಇಷ್ಟವಾಗಿದ್ದದ್ದು ಈಗ ಬೇಡವಾಗಿರುತ್ತದೆ, ತಾನು ಕೆಟ್ಟ ತಾಯಿ ಎಂಬ ಮಾತು ಒಳಗೆ ಬಿಡದೆ ನಡೆದಿರುತ್ತದೆ. ಎಡಿಎಚ್‌ಡಿಯವಳ ಮನಸ್ಸು ಇಷ್ಟದ ವಿಷಯ ಸಿಕ್ಕರೆ ಊಟ ಮರೆತು ಅದರಲ್ಲಿ ಮುಳುಗಬಲ್ಲದು. ಕಳೆದ 7 ದಿನಗಳ ಮನಸ್ಥಿತಿಯನ್ನು 10 ಪ್ರಶ್ನೆಗಳಲ್ಲಿ ಕೇಳುವ, 1987ರಿಂದ ಬಳಕೆಯಲ್ಲಿರುವ ಎಡಿನ್‌ಬರೋ ಮಾಪಕ ಕನ್ನಡದಲ್ಲೂ ಇದೆ. ಎಡಿಎಚ್‌ಡಿ ಪಟ್ಟಿಗಿಂತ ಮೊದಲು ಅದನ್ನು ತುಂಬಿಸುವುದು ಸರಿಯಾದ ಕ್ರಮ. ಹಿರಿಯರು ಬಾಣಂತಿ ಸನ್ನಿ ಎನ್ನುವುದಂತೂ ಪೂರ್ತಿ ಬೇರೆ. ಸಾವಿರ ಹೆರಿಗೆಗಳಲ್ಲಿ ಒಂದೆರಡು ಕಡೆ, ಸಾಮಾನ್ಯವಾಗಿ ಮೊದಲ ಎರಡು ವಾರಗಳಲ್ಲೇ, ನಿದ್ದೆಯಿಲ್ಲದೆ, ಇಲ್ಲದ್ದು ಕಂಡು ಕೇಳಿ, ಗೊಂದಲ ಮತ್ತು ಅನುಮಾನಗಳಲ್ಲಿ ಸಿಲುಕುವ ಸ್ಥಿತಿ ಅದು. ಅಲ್ಲಿ ಕಾಯುವ ಮಾತೇ ಇಲ್ಲ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗವಿದೆ. ಎಲ್ಲಿಗೆ ಹೋಗಬೇಕೆಂದು ತೋಚದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು.

ಬಾಲ್ಯದ ಸಾಕ್ಷ್ಯ ಎಲ್ಲಿಂದ ತರುವುದು ಎಂಬಲ್ಲಿಗೆ ಮರಳುತ್ತೇನೆ, ಏಕೆಂದರೆ ಈ ವಿಷಯದಲ್ಲಿ ನಮ್ಮ ಕಡೆಯ ಹೆಂಗಸರಿಗೆ ಒಂದು ಅನುಕೂಲವಿದೆ. ಚೊಚ್ಚಲ ಬಾಣಂತನ ತವರಿನಲ್ಲಿ. ಪ್ರಶ್ನೆ ಏಳುವ ಹೊತ್ತಿಗೆ ಆಕೆ ತನ್ನ ಬಾಲ್ಯ ಕಳೆದ ಮನೆಯಲ್ಲೇ, ಆ ಬಾಲ್ಯವನ್ನು ಕಣ್ಣಾರೆ ಕಂಡವರ ನಡುವೆಯೇ ಇರುತ್ತಾಳೆ. ಅಟ್ಟದ ಮೇಲಿನ ಟ್ರಂಕಿನಲ್ಲಿ ಶಾಲೆಯ ಪ್ರಗತಿ ಪತ್ರಗಳು ಇರುತ್ತವೆ. ತೊಡಕೆಂದರೆ ತಾಯಂದಿರ ಸಾಕ್ಷ್ಯವನ್ನು ಸುಮ್ಮನೆ ನಂಬುವ ಹಾಗಿಲ್ಲ, ಮತ್ತು ಅದಕ್ಕೆ ಕಾರಣ ಸುಳ್ಳು ಹೇಳುತ್ತಾರೆಂದಲ್ಲ.

ನನ್ನ ಚಿಕ್ಕಮ್ಮನ ಮಗಳು ಎರಡನೇ ಹೆರಿಗೆಯ ನಂತರ ಇದೇ ಪ್ರಶ್ನೆ ಹೊತ್ತು ಶಿವಮೊಗ್ಗದಲ್ಲಿ ವೈದ್ಯರ ಬಳಿ ಹೋದಾಗ ಜೊತೆಗೆ ನಾನೂ ಇದ್ದೆ. ಚಿಕ್ಕಂದಿನಲ್ಲಿ ಹೇಗಿದ್ದಳು ಎಂದು ವೈದ್ಯರು ಕೇಳಿದ್ದಕ್ಕೆ ಚಿಕ್ಕಮ್ಮ, 'ಚೆನ್ನಾಗೇ ಓದ್ತಿದ್ಲು ಡಾಕ್ಟ್ರೇ, ಎಸ್ಸೆಸ್ಸೆಲ್ಸೀಲಿ ಫಸ್ಟ್ ಕ್ಲಾಸು. ಯಾರ ತಂಟೆಗೂ ಹೋದವಳಲ್ಲ' ಎಂದಳು. ಆ ಉತ್ತರವನ್ನು ಅಷ್ಟಕ್ಕೇ ಬರೆದುಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ವೈದ್ಯರು ಬೆಳಿಗ್ಗೆ ಚೀಲ ತುಂಬುತ್ತಿದ್ದವರು ಯಾರು ಎಂದು ಕೇಳಿದರು. 'ನಾನೇ, ಇನ್ಯಾರು? ಅವಳಿಗೆ ಬಿಟ್ರೆ ಬರೀ ಕೈಯಲ್ಲಿ ಬಸ್ ಹತ್ತೋಳು.' ಜಾಮಿಟ್ರಿ ಬಾಕ್ಸು? ವರ್ಷಕ್ಕೆ ಎಷ್ಟು ಕೊಡಿಸಿದೆನೋ ಲೆಕ್ಕವಿಲ್ಲ. ಮಳೆಗಾಲದಲ್ಲಿ ಕೊಡೆ? ಚಿಕ್ಕಮ್ಮ ಇಲ್ಲಿ ನಕ್ಕೇಬಿಟ್ಟಳು. 'ಕೊಡೆ ಕೊಟ್ರೆ ಉಳಿಯೋದಿಲ್ಲ ಅಂತ ಪ್ಲಾಸ್ಟಿಕ್ ಕೊಪ್ಪೆ ಹಾಕಿ ಕಳಿಸ್ತಿದ್ದೆ. ಮೈಮೇಲೆ ಕಟ್ಟಿದ್ದು ಕಳೆಯೋದು ಕಷ್ಟ ಅಲ್ವಾ?' ಟ್ರಂಕಿನಿಂದ ತಂದಿದ್ದ ನಾಲ್ಕನೇ ತರಗತಿಯ ಪ್ರಗತಿ ಪತ್ರದಲ್ಲಿ, ಮಾಸಿದ ನೀಲಿ ಶಾಯಿಯಲ್ಲಿ, 'ಬುದ್ಧಿವಂತೆ. ಪಾಠದ ಕಡೆ ಗಮನ ಸಾಲದು' ಎಂದು ಮೇಷ್ಟ್ರು ಬರೆದಿದ್ದರು. ಐದನೆಯದರಲ್ಲೂ ಅದೇ ಮಾತು, ಕೈಬರಹ ಮಾತ್ರ ಬೇರೆಯವರದು. ಮನೆಯಲ್ಲಿ ಬೇರೆ ಯಾರಾದರೂ ಹೀಗೆ ಇದ್ದಾರೆಯೇ ಎಂದು ಕೇಳಿದಾಗ ಚಿಕ್ಕಮ್ಮ ಸ್ಕೂಟರಿನ ಕೀಲಿಗೆ ದಿನಾ ಬೆಳಿಗ್ಗೆ ಮನೆಯೆಲ್ಲ ತಡಕಾಡುವ ಚಿಕ್ಕಪ್ಪನ ಕತೆ ತೆಗೆದಳು. ಎಡಿಎಚ್‌ಡಿ ವಂಶದಲ್ಲಿ ಗಟ್ಟಿಯಾಗಿ ಹರಿದುಬರುವಂಥದ್ದು, ಆದ್ದರಿಂದ ಅದೂ ಹರಟೆಯ ಮಾತಲ್ಲ.

ಹೀಗೆ ಇದ್ದದ್ದು ಮೂವತ್ತು ವರ್ಷ ಯಾರ ಕಣ್ಣಿಗೂ ಬೀಳದಿರುವುದು ಹೇಗೆ? ಗದ್ದಲ ಮಾಡುವ ಹುಡುಗರನ್ನು ಶಾಲೆ ಬೇಗ ಗುರುತಿಸುತ್ತದೆ. ಕಿಟಕಿಯಾಚೆ ನೋಡುತ್ತ ಕೂರುವ ಹುಡುಗಿಗೆ 'ನಿನ್ನ ಧ್ಯಾನ ಎಲ್ಲಿದೆ?' ಎಂಬ ಗದರಿಕೆಯಷ್ಟೇ ಸಿಗುತ್ತದೆ. ಆಕೆಯ ಸುತ್ತ ಅಮ್ಮನ ಕೈ, ಶಾಲೆಯ ಗಂಟೆ, ಹಾಸ್ಟೆಲಿನ ಊಟದ ಹೊತ್ತು, ಪರೀಕ್ಷೆಯ ದಿನಾಂಕ ಎಂಬ ಆಸರೆಗಳು ಇರುತ್ತವೆ. ತಾಯಿಯಾದ ದಿನ ಅವೆಲ್ಲ ಒಮ್ಮೆಗೇ ಕಳಚಿ, ಇನ್ನೊಂದು ಜೀವಕ್ಕೆ ಆಕೆಯೇ ಗಂಟೆಯೂ ಗಡಿಯಾರವೂ ಆಗಬೇಕಾಗುತ್ತದೆ. ಮೇಲಾಗಿ ಬಸಿರಿನಲ್ಲಿ ಉತ್ತುಂಗಕ್ಕೇರಿದ್ದ ಈಸ್ಟ್ರೋಜನ್, ಮಾಸು ಹೊರಬಿದ್ದ ಕೆಲವೇ ದಿನಗಳಲ್ಲಿ ಪಾತಾಳಕ್ಕಿಳಿಯುತ್ತದೆ. ಗಮನಕ್ಕೆ ಬೇಕಾದ ಡೋಪಮಿನ್‌ನ ಕೆಲಸಕ್ಕೆ ಈಸ್ಟ್ರೋಜನ್ನಿನ ಬೆಂಬಲವಿರುವುದರಿಂದ ಈ ಕುಸಿತ ಮೊದಲೇ ಕೊರತೆಯಿದ್ದವಳನ್ನು ಹೆಚ್ಚು ತಟ್ಟಬಹುದೆಂಬ ತರ್ಕವಿದೆ, ಸಂಶೋಧನೆ ಇನ್ನೂ ಎಳೆಯದು. ಸ್ವೀಡನ್ನಿನಲ್ಲಿ 7.7 ಲಕ್ಷಕ್ಕೂ ಹೆಚ್ಚು ತಾಯಂದಿರ ದಾಖಲೆ ತಡಕಿದಾಗ, ಎಡಿಎಚ್‌ಡಿ ಇದ್ದವರಲ್ಲಿ ಹೆರಿಗೆಯ ನಂತರ ಖಿನ್ನತೆ ಶೇ. 17ರ ಸುಮಾರಿಗೆ, ಉಳಿದವರಲ್ಲಿ ಶೇ. 3ರ ಸುಮಾರಿಗೆ ಇದ್ದದ್ದು ಕಂಡಿತು. ಆದ್ದರಿಂದ ಇದೋ ಅದೋ ಎಂದು ಆರಿಸಿಕೊಳ್ಳುವ ಪ್ರಶ್ನೆಯೇ ಕೆಲವರ ವಿಷಯದಲ್ಲಿ ಸಲ್ಲದು. ಎರಡೂ ಒಟ್ಟಿಗೇ ಇರುತ್ತವೆ.

ಮಗು ದೊಡ್ಡದಾಗಲಿ, ನಿದ್ದೆ ಸರಿಹೋಗಲಿ, ಆಮೇಲೆ ನೋಡೋಣ ಎಂಬ ಸಲಹೆ ಬಾಣಂತಿಯರಿಗೆ ತೀರ ಅಗ್ಗವಾಗಿ ಸಿಗುತ್ತದೆ. ನನ್ನಂಥವಳಿಗೆ ಅದು ಸರಿಯಾದ ಸಲಹೆ: ಥೈರಾಯ್ಡ್ ಮಾತ್ರೆ ಮತ್ತು ಕಬ್ಬಿಣಾಂಶ ಹಿಡಿದು, ಗಂಡ ರಾತ್ರಿಯ ಒಂದು ಪಾಳಿ ವಹಿಸಿಕೊಂಡ ಮೇಲೆ, ಮಗು ನಡೆಯಲು ಕಲಿಯುವ ಹೊತ್ತಿಗೆ ಇಮೇಲುಗಳು ಮತ್ತೆ ಒಂದೇ ಓದಿಗೆ ತಲೆಗೆ ಹತ್ತತೊಡಗಿದವು. ನನ್ನ ಪ್ರಗತಿ ಪತ್ರಗಳಲ್ಲಿ ಗಮನದ ಸುದ್ದಿಯೇ ಇರಲಿಲ್ಲ, ಮಾತು ಜಾಸ್ತಿ ಎಂಬ ದೂರು ಮಾತ್ರ. ಆದರೆ ಬಾಲ್ಯದ ಗುರುತುಗಳು ಅಷ್ಟು ಸ್ಪಷ್ಟವಾಗಿದ್ದವಳಿಗೂ ಕಾಯಿರಿ ಎನ್ನುವುದು ಅನ್ಯಾಯ. ತಂಗಿಯ ವೈದ್ಯರು ಮೊದಲು ಥೈರಾಯ್ಡ್ ಮತ್ತು ಖಿನ್ನತೆಗಳನ್ನು ತಪಾಸಿಸಿ ಬದಿಗಿಟ್ಟು, ಗೋಡೆಗೆ ಹಾಕುವ ದಿನಚರಿ, ಫೋನಿನ ಅಲಾರಮುಗಳು, ಮನೆಯವರ ನಡುವೆ ಕೆಲಸ ಹಂಚಿಕೆ ಇವುಗಳಿಂದ ಶುರುಮಾಡಿದರು. ಮಿಥೈಲ್‌ಫೆನಿಡೇಟ್ ಎಂಬ ಎಡಿಎಚ್‌ಡಿ ಔಷಧ ಎದೆಹಾಲಿಗೆ ಅತಿ ಸಣ್ಣ ಪ್ರಮಾಣದಲ್ಲಿ ಸೇರುತ್ತದೆಂಬುದನ್ನು ವಿವರಿಸಿ, ಮಗುವಿನ ತೂಕ ಮತ್ತು ನಿದ್ದೆಯ ಮೇಲೆ ಕಣ್ಣಿಡುವ ಷರತ್ತಿನೊಂದಿಗೆ, ಮಕ್ಕಳ ವೈದ್ಯರ ಒಪ್ಪಿಗೆ ಪಡೆದು ಔಷಧ ಆರಂಭಿಸಿದರು. ಅದು ನಮ್ಮ ಕಾನೂನಿನಲ್ಲಿ ಷೆಡ್ಯೂಲ್ ಎಕ್ಸ್ ಔಷಧ. ಪ್ರತ್ಯೇಕ ಪರವಾನಗಿ ಇರುವ ಅಂಗಡಿಯಲ್ಲಿ ಮಾತ್ರ, ಎರಡು ಪ್ರತಿಯಲ್ಲಿ ಬರೆದ ಚೀಟಿ ತಂದು ಒಂದು ಪ್ರತಿಯನ್ನು ಅಲ್ಲೇ ಒಪ್ಪಿಸಿದರೆ ಸಿಗುವಂಥದ್ದು, ತಾಲ್ಲೂಕು ಊರಿನ ಅಂಗಡಿಗಳು ಸಾಮಾನ್ಯವಾಗಿ ಇಡುವುದಿಲ್ಲ. ತಿಂಗಳಿಗೊಮ್ಮೆ ಶಿವಮೊಗ್ಗಕ್ಕೆ ಹೋಗಿ ತರುವ ಜವಾಬ್ದಾರಿಯನ್ನೂ, ಚೀಟಿಯನ್ನು ಜೋಪಾನವಾಗಿ ಇಡುವ ಜವಾಬ್ದಾರಿಯನ್ನೂ ಆಕೆಯ ಗಂಡನಿಗೇ ವಹಿಸಿದ್ದೇವೆ.